ಕೆಳಗಿಳಿಯದ ಟೈಪ್‌ರೈಟರು

೫ ಜನವರಿ ೧೯೮೧

ಎರಡು ವರ್ಷದಿಂದ ಕೇಳುತ್ತಿದ್ದ ಟೈಪಿಸ್ಟ್ ಕಡೆಗೂ ಬಂದಳು. ದೇವರು ಕೊಟ್ಟ, ಆದರೆ ನೋಡಿ ಕೊಡಲಿಲ್ಲ. ಹೆಸರು ಮಂಜವ್ವ, ಊರು ಆಡೂರು, ಬಲಗಾಲು ಸಣ್ಣಂದಿನಲ್ಲೇ ಪೋಲಿಯೋದಿಂದ ಹೋಗಿದೆ. ಈ ವರ್ಷ ಜಗತ್ತಿಗೆಲ್ಲ ಅಂಗವಿಕಲರ ವರ್ಷವಂತೆ. ಘೋಷಣೆ ಮಾಡಿದ್ದು ಜಗತ್ತು, ಅನುಭವಿಸುವುದು ಹಾನಗಲ್ಲಿನ ನಮ್ಮ ಎಣ್ಣೆಕಾಳು ಮಾರಾಟ ಸಂಘ.

ನಮ್ಮ ಕಚೇರಿ ಇರುವುದು ಹಳೆಯ ವಾಡೆಯಲ್ಲಿ. ಕೆಳಗೆ ಖಾಲಿ ಚೀಲದ ಕೋಣೆ, ಅಂಗಳ, ಹಿತ್ತಲು. ಕಾರ್ಯದರ್ಶಿ ಚಂದ್ರಪ್ಪನವರು, ಹೆಡ್ ಕ್ಲಾರ್ಕ್ ಆದ ನಾನು, ಟೈಪ್‌ರೈಟರು, ಎಲ್ಲ ಮಾಳಿಗೆಯ ಮೇಲೆ. ನಡುವೆ ಕಡಿದಾದ ಕಟ್ಟಿಗೆಯ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಹಗ್ಗ. ಕಾಲು ಗಟ್ಟಿಯಿದ್ದವರೂ ಶಿವನನ್ನು ನೆನೆದೇ ಏರುತ್ತಾರೆ. ಈ ಹುಡುಗಿ ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಳಿತು, ಎರಡೂ ಕೈ ಊರಿ, ಮೈಯನ್ನು ಎತ್ತಿ ಎತ್ತಿ ಹಿಂದಕ್ಕೆ ಏರಿದಳು. ಸಿಪಾಯಿ ಫಕ್ರುಸಾಬ ಚಹಾದ ಕಿಟ್ಲಿ ಹಿಡಿದು ಕೆಳಗೆ ಕಾಯುತ್ತ ನಿಂತ. ಚಹಾ ಬರುವಷ್ಟರಲ್ಲಿ ಆರಿ ನೀರಾಗಿತ್ತು.

ಆರು ತಿಂಗಳು ಪರೀಕ್ಷೆಯ ಅವಧಿ. ಜುಲೈಯೊಳಗೆ ಆಡಳಿತ ಮಂಡಳಿ ಒಪ್ಪಿದರೆ ಖಾಯಂ, ಒಪ್ಪದಿದ್ದರೆ ಆಡೂರಿನ ಬಸ್ಸು. ಚಂದ್ರಪ್ಪನವರು ಈಗಲೇ ಬಸ್ಸಿನ ಕಡೆಗೆ ವಾಲಿದ್ದಾರೆ.

೭ ಜನವರಿ

ಬಂದು ಮೂರನೆಯ ದಿನಕ್ಕೇ ಅರ್ಜಿ! ನನ್ನ ಮೇಜಿನ ಮುಂದೆ ಗೋಡೆ ಹಿಡಿದು ನಿಂತು ಹೇಳಿದಳು.

"ಸರ್, ಮಷೀನು ಕೆಳಗ ಚೀಲದ ಖೋಲ್ಯಾಗ ಇಟ್ರ ನಾ ಅಲ್ಲೇ ಕುಂತು ಟೈಪ್ ಹೊಡಿತೇನ್ರಿ. ಏರೂದು ಇಳಿಯೂದು ತಪ್ಪತೈತಿ."

"ಹಂಗ ಇಳಸಾಕ ಬರೂದಿಲ್ಲವಾ. ಅದು ಡೆಡ್ ಸ್ಟಾಕ್."

ಅವಳಿಗೆ ಅರ್ಥವಾಗಲಿಲ್ಲ. ಕುರ್ಚಿ, ಕಪಾಟು, ಗಡಿಯಾರ, ಟೈಪ್‌ರೈಟರು, ಹೀಗೆ ಖರ್ಚಾಗದೆ ಉಳಿಯುವ ಸಾಮಾನಿಗೆಲ್ಲ ಡೆಡ್ ಸ್ಟಾಕ್ ಎನ್ನುತ್ತಾರೆ, ಯಾವ ಸಾಮಾನು ಯಾವ ಕೋಣೆಯಲ್ಲಿ ಎಂದು ರಿಜಿಸ್ಟರಿನಲ್ಲಿ ಬರೆದಿರುತ್ತದೆ, ಕೋಣೆ ಬದಲಿಸಬೇಕಾದರೆ ಧಾರವಾಡದ ಜಿಲ್ಲಾ ಕಚೇರಿಯ ಮಂಜೂರಿ ಬೇಕು ಎಂದು ತಿಳಿಸಿ ಹೇಳಿದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಂದು ಸ್ಟೂಲನ್ನು ಕೂಡ ನಾನು ಮಂಜೂರಿ ಇಲ್ಲದೆ ಸರಿಸಿಲ್ಲ.

"ಫಕ್ರುಸಾಬಣ್ಣ ಒಬ್ಬನ ಎತ್ತಿಕೊಂಡು ಇಳೀತೇನಿ ಅಂದಾನ್ರಿ."

"ಅಂವ ಏನ್ ಬೇಕಾದ್ದು ಅಂತಾನ. ಮನಷ್ಯಾ ಎಲ್ಲಿ ಬೇಕಾದಲ್ಲಿ ಹೋಗಬೌದು, ಡೆಡ್ ಸ್ಟಾಕ್ ಹೋಗಾಕ ಬರೂದಿಲ್ಲ."

"ಹಂಗಾರ ನನ್ನಕಿಂತ ಮಷೀನಿಂದ ಚಲೋ ಆತಲ್ರಿ," ಎಂದಳು. ಬಾಯಿ ಜೋರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಅಂದ ಹಾಗೆ ಮಷೀನು ಮೇಲಿರಲು ಇನ್ನೊಂದು ಕಾರಣವೂ ಇದೆ. ಅದರ ಟಕಟಕ ಕಿವಿಗೆ ಬೀಳುತ್ತಿದ್ದರೆ ಕೆಲಸ ನಡೆದಿದೆ ಎಂಬ ಧೈರ್ಯದಲ್ಲಿ ಚಂದ್ರಪ್ಪನವರು ಊಟದ ನಂತರ ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಾರೆ.

೧೯ ಜನವರಿ

ಅವಳು ಅರ್ಜಿಯನ್ನು ಬರೆದೇ ಕೊಟ್ಟಳು. ಜೊತೆಗೆ ಒಂದು ಸರಕಾರಿ ಸುತ್ತೋಲೆಯ ಪ್ರತಿ. ಅಂಗವಿಕಲ ನೌಕರರಿಗೆ "ಸಾಧ್ಯವಾದಷ್ಟು" ಅನುಕೂಲ ಮಾಡಿಕೊಡತಕ್ಕದ್ದು ಎಂದಿದೆ. ಆ "ಸಾಧ್ಯವಾದಷ್ಟು" ಬರೆದ ಪುಣ್ಯಾತ್ಮ ಯಾರೋ, ನಮ್ಮಂಥವರ ಕಷ್ಟ ಬಲ್ಲವನು.

ಉತ್ತರವನ್ನು ನಾನು ಹೇಳಿ ಬರೆಸಿದೆ. ಇಲ್ಲಿ ಒಂದು ಪೇಚು. ಕಚೇರಿಯಲ್ಲಿ ಟೈಪಿಂಗ್ ಬರುವವಳು ಅವಳೊಬ್ಬಳೇ. ಅವಳ ಅರ್ಜಿಯನ್ನು ತಳ್ಳಿಹಾಕುವ ಪತ್ರವನ್ನು ಅವಳೇ ಹೊಡೆಯಬೇಕು.

"ತಮ್ಮ ಬೇಡಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ," ಎಂದೆ.

"ಯಾರು ಪರಿಶೀಲಿಸಿದ್ರಿ ಸರ್?"

"ಅದು ಹಂಗ ಬರೀಬೇಕು. ಹೊಡಿ."

ಹೊಡೆದಳು. ಚಂದ್ರಪ್ಪನವರ ಸಹಿ ಮಾಡಿಸಿಕೊಂಡು ಬಂದಳು, ಲಕೋಟೆಯ ಮೇಲೆ ತನ್ನ ಹೆಸರು ತಾನೇ ಬರೆದಳು, ತಾನೇ ತಗೊಂಡು ಮುಟ್ಟಿದ್ದಕ್ಕೆ ಸಹಿ ಹಾಕಿದಳು. ಒಂದು ಅಕ್ಷರ ತಪ್ಪಿಲ್ಲ. ಇಷ್ಟು ಸ್ವಚ್ಛವಾದ ನಿರಾಕರಣೆ ನಮ್ಮ ಸಂಘದಿಂದ ಹಿಂದೆ ಹೋಗಿರಲಿಲ್ಲ.

೨ ಫೆಬ್ರುವರಿ

ನ್ಯಾಯವಾಗಿ ಹೇಳಬೇಕೆಂದರೆ ಹುಡುಗಿ ಕೆಲಸಗೇಡಿಯಲ್ಲ. ಫಕ್ರುಸಾಬ ಬಾಗಿಲು ತೆಗೆಯುವಾಗಲೇ ಬಂದಿರುತ್ತಾಳೆ, ಎಲ್ಲರೂ ಹೋದ ಮೇಲೆ ಹೋಗುತ್ತಾಳೆ. ನಡುವೆ ಒಮ್ಮೆಯೂ ಏಳುವುದಿಲ್ಲ. ಚಹಾ ಒಲ್ಲೆ, ನೀರು ಒಲ್ಲೆ. ಉಳಿದವರು ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ ಹೋಗಿ ಬೀಡಿ ಸೇದಿ ಬರುವ ಈ ಕಚೇರಿಯಲ್ಲಿ ಇದೊಂದು ಆದರ್ಶ. ನೀರು ಕೂಡ ಕುಡಿಯದ ನಿಷ್ಠೆ ಎಂದು ಕಚೇರಿಯಲ್ಲಿ ಎಲ್ಲರ ಮುಂದೆ ಹೊಗಳಿದೆ, ಮನೆಗೆ ಬಂದು ಹೆಂಡತಿ ಅನ್ನವ್ವನ ಮುಂದೆಯೂ ಹೊಗಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಮತ್ತೆ ಇನ್ನೂ ಜೋರಾಗಿ ಬಡಿದಳು.

೧೧ ಫೆಬ್ರುವರಿ

ಮಂಡಳಿಯ ಸಭೆ. ಮಂಜವ್ವನ ವಿಷಯ ಏಳನೆಯದು, ಶೇಂಗಾ ಚೀಲಕ್ಕೆ ಇಲಿ ಬಿದ್ದದ್ದು ಆರನೆಯದು. ಇಲಿಯ ಮೇಲೆ ಬಹಳ ಹೊತ್ತು ಚರ್ಚೆಯಾಯಿತು.

ಅಧ್ಯಕ್ಷರು ಶಂಕ್ರಪ್ಪಗೌಡರು ಎಲೆ ಅಡಿಕೆ ಜಗಿಯುತ್ತ ಕೇಳಿದರು. "ಏರಾಕ ಆಗೂದಿಲ್ಲಂದ್ರ ಏನ್ ಮಾಡೂಣಪಾ? ಸ್ವಾಮಿಗೋಳಿಗೆ ಮಾಡಿದಂಗ ಅಡ್ಡಪಲ್ಲಕ್ಕಿ ಮಾಡಸೂಣೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಚಂದ್ರಪ್ಪನವರಿಗೆ ಅಧ್ಯಕ್ಷರು ಹೇಳಿದ್ದರಲ್ಲಿ ನಗೆ ಯಾವುದು, ಆಜ್ಞೆ ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಕುರ್ಚಿಗೆ ಎರಡು ಗಳ ಕಟ್ಟಿ ಇಬ್ಬರು ಹೊರುವಂತೆ ಮಾಡಿಸಲು ಮೂವರು ಬಡಿಗೇರರಿಂದ ದರಪತ್ರ ತರಿಸಬೇಕೆಂದು ಠರಾವು ಬರೆಸಿಯೇ ಬಿಟ್ಟರು.

೧೬ ಫೆಬ್ರುವರಿ

ಬಡಿಗೇರ ಉಡಚಪ್ಪ ಅಳತೆ ತಗೊಳ್ಳಲು ಬಂದ. ಮೆಟ್ಟಿಲಿನ ಅಗಲ ನೋಡಿದ, ಕುರ್ಚಿ ನೋಡಿದ, ತಲೆ ಕೆರೆದುಕೊಂಡ. "ಪಲ್ಲಕ್ಕಿ ಅಡ್ಡ ಹಿಡಸೂದಿಲ್ಲರಿ, ಉದ್ದ ಹಿಡದ್ರ ಕುಂತಾಕಿ ಜಾರತಾಳ." ಫಕ್ರುಸಾಬ ಹೊರುವುದು ತನ್ನ ಕೆಲಸದಲ್ಲಿ ಬರುತ್ತದೋ ಇಲ್ಲವೋ ಬರೆದು ಕೊಡಿ ಎಂದ. ಮಂಜವ್ವ ಟೈಪ್ ಹೊಡೆಯುವುದನ್ನು ನಿಲ್ಲಿಸಿ, "ನಾ ಏನ್ ಉತ್ಸವಮೂರ್ತಿ ಏನ್ರಿ, ಹೊರಾಕ?" ಎಂದಳು. ಕಡತ ಅಲ್ಲಿಗೆ ನಿಂತಿದೆ.

೨೨ ಮಾರ್ಚ್

ಅಂಗವಿಕಲರ ವರ್ಷದ ಸಮಾರಂಭ ಮಾಡಲೇಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಇಂದು ಮಾಡಿ ಮುಗಿಸಿದೆವು. ಸಂಘದ ಅಂಗಳದಲ್ಲಿ ಶೇಂಗಾ ಚೀಲಗಳನ್ನು ಎದೆಯೆತ್ತರ ಪೇರಿಸಿ, ಮೇಲೆ ಜಮಖಾನೆ ಹಾಸಿ ವೇದಿಕೆ ಮಾಡಿದ್ದೆವು. ಸನ್ಮಾನಕ್ಕೆ ಅಂಗವಿಕಲರು ಬೇಕಲ್ಲ. ನಮ್ಮಲ್ಲಿ ಒಬ್ಬಳಿದ್ದದ್ದು ಅನುಕೂಲವಾಯಿತು.

ವೇದಿಕೆಗೆ ಮೆಟ್ಟಿಲು ಇಡುವುದನ್ನು ಮರೆತಿದ್ದೆವು. ಗಣ್ಯರನ್ನು ಫಕ್ರುಸಾಬ ಕೈಕೊಟ್ಟು ಎಳೆದುಕೊಂಡ. ಮಂಜವ್ವ ಕೆಳಗೇ ಉಳಿದಳು. ಗೌಡರು ಮೇಲಿನಿಂದ ಬಗ್ಗಿ ಶಾಲು ಹೊದಿಸಲು ಹೋದಾಗ ಶಾಲು ಅವಳ ತಲೆಯ ಮೇಲೆ ಬಿದ್ದು ಮುಖ ಮುಚ್ಚಿತು. ಫೋಟೋದವನು ಆ ಗಳಿಗೆಗೇ ಹೊಡೆದ. ಆಮೇಲೆ ಗೌಡರು ಅಂಗವಿಕಲರನ್ನು ಕಣ್ಣಿನ ಹಾಗೆ ಕಾಪಾಡಬೇಕೆಂದು ಭಾಷಣ ಓದಿದರು. ಭಾಷಣ ನಾನು ಬರೆದದ್ದು, ಅವಳು ಟೈಪ್ ಮಾಡಿದ್ದು. ಚಪ್ಪಾಳೆ ಚೆನ್ನಾಗಿ ಬಿತ್ತು. ನನಗೆ ಯಾಕೋ ಊಟ ಸೇರಲಿಲ್ಲ, ಬಿಸಿಲಿಗೆ ಇರಬೇಕು.

೨೩ ಮಾರ್ಚ್

ಅನ್ನವ್ವನಿಗೆ ಸಮಾರಂಭದ ಕಥೆ ಹೇಳುತ್ತ, ಅಷ್ಟು ಬಿಸಿಲಿನಲ್ಲೂ ಆ ಹುಡುಗಿ ಒಂದು ಗುಟುಕು ನೀರು ಮುಟ್ಟಲಿಲ್ಲ, ಏನು ವ್ರತವೋ ಎಂದೆ. ಅನ್ನವ್ವನ ಸಿಟ್ಟು ಇಂದು ಹೊರಗೆ ಬಂತು.

"ನಿಮಗ ಬುದ್ಧಿ ಐತೇನ್ರಿ? ನೀರು ಕುಡದ್ರ ಹಿತ್ತಲಕ್ಕ ಹೋಗಬೇಕು. ಹಿತ್ತಲಕ್ಕ ಹೋಗಬೇಕಂದ್ರ ಅಷ್ಟು ಗಂಡಸರ ಮುಂದ ಮೆಟ್ಟಿಲ ಮ್ಯಾಲ ಕುಂಡಿ ಊರಿಕೋತ ಇಳೀಬೇಕು, ಮತ್ತ ಏರಬೇಕು. ನಸಿಕಿನ್ಯಾಗ ಯಾಕ ಬರ್ತಾಳ? ಎಲ್ಲಾರೂ ಹೋದಮ್ಯಾಲ ಯಾಕ ಹೋಗ್ತಾಳ? ನೀವು ನಿಷ್ಠಾ ಅಂತೀರಿ! ನಿಮ್ಮ ಮಗಳಾಗಿದ್ರ?"

ನಮಗೆ ಮಗಳಿಲ್ಲ. ನನಗೆ ಬಹಳ ನಾಚಿಕೆಯಾಯಿತು. ನಾನು ಅದನ್ನು ಎಲ್ಲರ ಮುಂದೆ ಹೊಗಳಿದ್ದೆ.

೨೪ ಮಾರ್ಚ್

ಕಚೇರಿಯಲ್ಲಿ ಇಡೀ ದಿನ ನೀರು ಕುಡಿಯಲಿಲ್ಲ. ಸಂಜೆಗೆ ತಲೆ ಸಿಡಿಯಿತು.

೩೦ ಮಾರ್ಚ್

ಟೈಪ್‌ರೈಟರಿನ ಒಂದು ಕೀಲಿ ಸ್ವಲ್ಪ ತಡೆದಂತೆ ಅನ್ನಿಸಿತು. ಮಂಜವ್ವನನ್ನು ಕೇಳಿದೆ. ಏನೂ ಆಗಿಲ್ಲರಿ ಎಂದಳು. ಅವಳಿಗೇನು ಗೊತ್ತು, ನನ್ನ ಬೆರಳಿಗೆ ತಡೆಯಿತು. ರಿಪೇರಿಗೆ ಹಾಕಿದ ಡೆಡ್ ಸ್ಟಾಕಿಗೆ ಕೋಣೆಯ ನಿರ್ಬಂಧವಿಲ್ಲ, ರಿಪೇರಿ ಮುಗಿಯುವ ತನಕ ಎಲ್ಲಿ ಬೇಕಾದರೂ ಇರಬಹುದು. ನಿಯಮ ನಿಯಮವೇ. "ರಿಪೇರಿಯಲ್ಲಿದೆ" ಎಂದು ಬರೆದು ಮಷೀನನ್ನು ಚೀಲದ ಕೋಣೆಗೆ ಇಳಿಸಿದೆ. ಫಕ್ರುಸಾಬ ನಿಜಕ್ಕೂ ಒಬ್ಬನೇ ಎತ್ತಿಕೊಂಡು ಇಳಿದ.

ಮಷೀನಿನ ಹಿಂದೆ ಟೈಪಿಸ್ಟಳೂ ಕೆಳಗೆ ಬಂದಳು. ಅದು ಸಹಜ. ಇದರಲ್ಲಿ ನನ್ನದೇನೂ ದಯೆ ಧರ್ಮವಿಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ಚಂದ್ರಪ್ಪನವರು, "ಮಷೀನಿನ ಸಪ್ಪಳಿಲ್ಲದ ನಿದ್ದಿ ಹತ್ತವಲ್ದು," ಎಂದು ಗೊಣಗಿದರು. ಬೇಗ ರಿಪೇರಿ ಮಾಡಿಸುತ್ತೇನೆ ಎಂದು ಮಾತು ಕೊಟ್ಟೆ.

೧೬ ಏಪ್ರಿಲ್

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಟೈಪ್‌ರೈಟರುಗಳ ನಾಡಿ ಹಿಡಿಯುವ ವೈದ್ಯ ಇಸಾಕ ಇಂದು ತಿರುಗಾಟದಲ್ಲಿ ನಮ್ಮಲ್ಲಿಗೂ ಬಂದ. ಕರೆಸಿದವರು ಚಂದ್ರಪ್ಪನವರು. ಮಷೀನಿನ ಹೊಟ್ಟೆ ಬಿಚ್ಚಿ ನೋಡಿ ನಕ್ಕ.

"ಇದಕ್ಕ ಏನೂ ಧಾಡಿ ಆಗಿಲ್ಲರಿ ಅಣ್ಣಾರ. ಒಂದ ಹನಿ ಎಣ್ಣಿ ಬಿಟ್ರ ಮುಗೀತು."

"ಎಣ್ಣಿ ಬ್ಯಾಡ," ಎಂದೆ.

"ಎರಡ ಮಿನಿಟಿನ ಕೆಲಸ್ರಿ."

"ಅದಕ್ಕ ಬ್ಯಾಡ ಅನ್ನೂದು."

ಇಸಾಕ ನನ್ನನ್ನು ನೋಡಿದ, ಮಷೀನಿನ ಮುಂದೆ ಕುಳಿತವಳನ್ನು ನೋಡಿದ, ಗೋಡೆಗೆ ಒರಗಿಸಿದ ಅವಳ ಕೋಲನ್ನು ನೋಡಿದ. "ಹುಬ್ಬಳ್ಳಿಯಿಂದ ಸಾಮಾನು ಬರಬೇಕು, ತಡಾ ಆಗತೈತಿ ಅಂತ ಬರಕೊಡ್ತೇನಿ ತಗೋರಿ," ಎಂದ. ಎಣ್ಣೆಕಾಳಿನ ಸಂಘದಲ್ಲಿ ಕುಳಿತು ಒಂದು ಹನಿ ಎಣ್ಣೆ ಬೇಡವೆಂದವನು ನಾನೊಬ್ಬನೇ ಇರಬೇಕು.

೧೨ ಮೇ

ರಿಪೇರಿಯ ಮೇಲೆ ಯಾರಾದರೂ ನಿಗಾ ಇಡಬೇಕಲ್ಲ. ಹೀಗಾಗಿ ನಾನೂ ಹೆಚ್ಚು ಹೊತ್ತು ಚೀಲದ ಕೋಣೆಯಲ್ಲೇ ಕೂರುತ್ತೇನೆ. ಕೆಳಗೆ ತಂಪು. ಮಂಜವ್ವ ಈಗ ಎಲ್ಲರ ಹಾಗೆ ಹೊತ್ತಿಗೆ ಬರುತ್ತಾಳೆ, ಹೊತ್ತಿಗೆ ಹೋಗುತ್ತಾಳೆ, ಫಕ್ರುಸಾಬನ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಜಗಳ ತೆಗೆಯುತ್ತಾಳೆ. ಎಷ್ಟು ಮಾತಾಡುತ್ತಾಳಪ್ಪ ಈ ಹುಡುಗಿ!

ಇಂದು ನಾನೇ ಕೇಳಿದೆ, ಖಾಯಂ ಆಗದಿದ್ದರೆ ಏನು ಮಾಡುತ್ತಿ ಎಂದು.

"ಏನ್ ಮಾಡೂದರಿ, ಮನಿ ಹೊಚ್ಚಲದಾಗ ಕುಂತು ಅಕ್ಕಿ ಹಸನ ಮಾಡೂದು. ಒಂಬತ್ತು ವರ್ಷ ಅದನ್ನ ಮಾಡೇನಿ. ಓಣ್ಯಾಗ ಹೋಗೋರು ಬರೋರು 'ಪಾಪ' ಅಂತಿದ್ರು. ಇಲ್ಲಿ ಯಾರೂ ಪಾಪ ಅನ್ನೂದಿಲ್ಲರಿ, ಬೈತಾರ. ಅದ ಚಲೋ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಅವಳನ್ನು ಬೈದದ್ದೂ ಉಂಟು.

೪ ಜೂನ್

ಶಂಕ್ರಪ್ಪಗೌಡರು ಅಂಗಳದಲ್ಲಿ ಚೆಲ್ಲಿದ್ದ ಶೇಂಗಾದ ಮೇಲೆ ಕಾಲಿಟ್ಟು ಜಾರಿಬಿದ್ದರು. ಕಾಲಿನ ಎಲುಬು ಮುರಿದಿದೆ. ಚೆಲ್ಲಿದ್ದನ್ನು ಗುಡಿಸಿರೆಂದು ಹೇಳಿ ನನ್ನ ಗಂಟಲು ಒಣಗಿತ್ತು.

೮ ಜೂನ್

ಇಂದು ಕಂಡದ್ದನ್ನು ಹೇಗೆ ಬರೆಯಲಿ!

ಗೌಡರು ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಜೀಪಿನಲ್ಲಿ ಬಂದರು. ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿದರು. "ಇದನ್ನ ಯಾರು ಏರಬೇಕಪಾ?" ಎಂದರು. ಅಷ್ಟೇ. ಅರ್ಜಿ ಇಲ್ಲ, ಸುತ್ತೋಲೆ ಇಲ್ಲ, ದರಪತ್ರ ಇಲ್ಲ. ಒಂದು ತಾಸಿನೊಳಗೆ ಅಧ್ಯಕ್ಷರ ಕುರ್ಚಿ, ಕಾರ್ಯದರ್ಶಿಯ ಮೇಜು, ಕಪಾಟು, ಗೋಡೆಯ ಗಡಿಯಾರ ಕೂಡ ಕೆಳಗಿಳಿದವು. ಚೀಲಗಳು ಅಂಗಳಕ್ಕೆ ಹೋದವು. ಚಂದ್ರಪ್ಪನವರು ಸ್ವತಃ ಕುರ್ಚಿಯ ಒಂದು ಕಾಲು ಹಿಡಿದಿದ್ದರು. ಡೆಡ್ ಸ್ಟಾಕೆಲ್ಲ ಜೀವ ಬಂದ ಹಾಗೆ ನಡೆದು ಬಂತು.

ಜಾಗ ಸಾಲಲಿಲ್ಲ. ಚಂದ್ರಪ್ಪನವರು ಮಷೀನಿನ ಕೀಲಿ ಒತ್ತಿ ನೋಡಿ, "ಇದು ನೆಟ್ಟಗೈತಲ್ಲ! ಮ್ಯಾಲ ಒಯ್ಯಪಾ ಫಕ್ರುಸಾಬ," ಎಂದರು. ಮಷೀನು ಮೇಲೆ ಹೋಯಿತು. ಮಂಜವ್ವ ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಳಿತಳು. ಗೌಡರು ನೋಡುತ್ತಿದ್ದರು, ಎಲ್ಲರೂ ನೋಡುತ್ತಿದ್ದರು. ನಾನು ನೋಡಲಾರದೆ ಹಿತ್ತಲಿಗೆ ಹೋದೆ.

೧೨ ಜೂನ್

ಚಂದ್ರಪ್ಪನವರು ಮಂಜವ್ವನ ಬಗ್ಗೆ ವರದಿ ತಯಾರಿಸಲು ಹೇಳಿದ್ದಾರೆ. "ಕೆಲಸದ ಸ್ಥಳವನ್ನು ತಲುಪಲು ಅಸಮರ್ಥಳಾದ್ದರಿಂದ ಖಾಯಂ ಮಾಡಲು ಯೋಗ್ಯಳಲ್ಲ." ಶಬ್ದಗಳನ್ನೂ ಅವರೇ ಕೊಟ್ಟರು. ಕರಡು ಬರೆಯಲು ಕುಳಿತೆ. ಪೆನ್ನಿನಲ್ಲಿ ಮಸಿ ಇತ್ತು, ಕೈಯೇ ಏಳಲಿಲ್ಲ.

೧೫ ಜೂನ್

ವರದಿಯ ಬದಲು ಒಂದು ಸಣ್ಣ ಟಿಪ್ಪಣಿ ಬರೆದು ಚಂದ್ರಪ್ಪನವರ ಮೇಜಿನ ಮೇಲಿಟ್ಟೆ. "ಅಧ್ಯಕ್ಷರ ಕುರ್ಚಿ ಮುಂತಾದ ಡೆಡ್ ಸ್ಟಾಕನ್ನು ಯಾವ ನಿಯಮದ ಪ್ರಕಾರ ಕೆಳಗಿಳಿಸಲಾಯಿತು ಎಂಬುದನ್ನು ತಿಳಿಸಬೇಕು. ಅದೇ ನಿಯಮವನ್ನು ಟೈಪ್‌ರೈಟರಿಗೂ ಅನ್ವಯಿಸಲು ಅನುಕೂಲವಾಗುವುದು." ಇದು ರೂಢಿಯ ಟಿಪ್ಪಣಿ. ಹೆಡ್ ಕ್ಲಾರ್ಕ್ ಆದವನು ಕೇಳಲೇಬೇಕಾದದ್ದು. ಬೇರೆ ಉದ್ದೇಶವೇನೂ ಇಲ್ಲ.

ಚಂದ್ರಪ್ಪನವರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ನಾಗಪ್ಪಾರ, ನಿಮಗ ಚಿಕ್ಕೇರೂರ ಗೋದಾಮಿನ ಹವಾ ಹಿಡಸತೈತೇನು?"

"ವರ್ಗಾ ಮಾಡ್ರಿ," ಎಂದೆ. "ಆದ್ರ ಆಡಿಟರು ಬಂದು ಕೇಳಿದ್ರ ನನ್ನ ಟಿಪ್ಪಣಿ ಇಲ್ಲೇ ಇರತೈತ್ರಿ."

ಹೀಗೆ ಮಾತಾಡಿದವನು ನಾನೇ. ಮನೆಗೆ ಬಂದು ಎಲ್ಲ ಹೇಳಿದೆ. ಅನ್ನವ್ವ ಎರಡು ಸಲ ತುಪ್ಪ ಬಡಿಸಿದಳು.

೨೭ ಜೂನ್

ಮುಂದಿನ ವಾರ ಆಡಿಟರು ಬರುತ್ತಾರೆ. ಹೀಗಾಗಿ ಇಂದು ಮಂಡಳಿಯ ತುರ್ತು ಸಭೆ, ಕೆಳಗಿನ ಕೋಣೆಯಲ್ಲೇ. ಕಚೇರಿ ಕೆಳಗಿಳಿದದ್ದಕ್ಕೆ ಕಾರಣ ಬೇಕು. ಅಧ್ಯಕ್ಷರ ಕಾಲಿನ ಅನುಕೂಲಕ್ಕಾಗಿ ಎಂದು ಕರಡಿನಲ್ಲಿ ಬರೆದಿದ್ದೆ. ಗೌಡರು ಕುರ್ಚಿಯಲ್ಲೇ ಪುಟಿದರು.

"ನಾ ಏನ್ ಕುಂಟಾ ಅದೇನೇನಪಾ? ಗೌಡಕಿ ಮನಿತನದಾವ ಮೆಟ್ಟಿಲ ಏರಾಕ ಆಗಲಿಲ್ಲಂತ ಠರಾವಿನ್ಯಾಗ ಬರೀತೀ? ನಾಳೆ ಎಲೆಕ್ಷನ್ಯಾಗ ಅದನ್ನ ಓದತಾರ!"

"ಹಂಗಾದ್ರ ಕುರ್ಚಿ ಮತ್ತ ಮ್ಯಾಲ ಒಯ್ಯೂಣೇನ್ರಿ?" ಎಂದರು ಒಬ್ಬ ಸದಸ್ಯರು.

"ಕುರ್ಚಿ ಇಲ್ಲೇ ಇರಬೇಕು. ನನ್ನ ಹೆಸರು ಇರಬಾರದು."

ಎತ್ತು ಏರಿಗೆ, ಕೋಣ ನೀರಿಗೆ. ಯಾರಿಗೂ ಏನೂ ಹೊಳೆಯಲಿಲ್ಲ. ಆಗ ಮಾಳಿಗೆಯಿಂದ ಟಕಟಕ ಸದ್ದು ಬಂತು. ಎಲ್ಲರ ತಲೆಯೂ ಮೇಲೆ ಎದ್ದಿತು. ಚಂದ್ರಪ್ಪನವರ ಮುಖ ಅರಳಿತು.

"ಅಂಗವಿಕಲರ ವರ್ಷ ಅಲ್ರಿ! ಆ ಹುಡುಗಿ ಅನುಕೂಲಕ್ಕ ಇಳಿಸೇವಿ ಅಂತ ಬರೀರಿ. ಸರ್ಕಾರಕ್ಕೂ ಖುಷಿ."

ಎಲ್ಲರೂ ಆಹಾ ಎಂದರು. ನಾನು ಕೆಮ್ಮಿ ಹೇಳಿದೆ. "ಒಂದ ತೊಡಕ ಐತ್ರಿ. ಪರೀಕ್ಷಾದಾಗ ಇರೋ ನೌಕರರ ಹೆಸರ ಮ್ಯಾಲ ಇಡೀ ಕಚೇರಿ ಸರಸಾಕ ಬರೂದಿಲ್ಲ. ಆಡಿಟರು ಒಪ್ಪೂದಿಲ್ಲ. ಆಕಿ ಖಾಯಂ ಇರಬೇಕು."

ಹಾಗೊಂದು ನಿಯಮವಿದೆಯೇ ಎಂದು ಯಾರೂ ಕೇಳಲಿಲ್ಲ. ನಾನು ಹೇಳಿದ ಮೇಲೆ ಯಾರೂ ಕೇಳುವುದಿಲ್ಲ. ಇದ್ದರೂ ಇರಬಹುದು.

"ಮಾಡಪಾ ಖಾಯಂ, ಅದೇನ್ ದೊಡ್ಡ ಮಾತು," ಎಂದು ಗೌಡರು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿದರು. ಠರಾವು ಒಮ್ಮತದಿಂದ ಪಾಸಾಯಿತು.

೨೯ ಜೂನ್

ಠರಾವನ್ನು ಮಂಜವ್ವನೇ ಟೈಪ್ ಮಾಡಬೇಕಿತ್ತು. ಮಷೀನನ್ನು ಇಳಿಸಿ ಗೌಡರ ಕುರ್ಚಿಯ ಹಿಂದಿನ ಮೂಲೆಯಲ್ಲಿ ಇಟ್ಟಿದ್ದೆವು. ಗೌಡರು ಊಟಕ್ಕೆ ಹೋಗಿದ್ದರು. ಅವಳು "ಖಾಯಂ ನೌಕರಳಾದ ಕುಮಾರಿ ಮಂಜವ್ವ" ಎಂಬಲ್ಲಿಗೆ ಬಂದು ನಿಂತಳು. ಆ ಸಾಲನ್ನು ಮೆಲ್ಲಗೆ ಓದಿಕೊಂಡಳು. ಕಣ್ಣು ಒರೆಸಿಕೊಂಡಳು. ನಾನು ಕಿಟಕಿಯ ಹೊರಗೆ ನೋಡಿದೆ, ನನಗೂ ಹಾಗೇ ಆಗಿತ್ತು. ಪೂರ್ತಿ ಹೊಡೆದ ಮೇಲೆ ಕೇಳಿದಳು.

"ಸರ್, ನನ್ನ ಅನುಕೂಲಕ್ಕ ಗೌಡ್ರ ಕುರ್ಚಿ ಕೆಳಗ ಬಂತೇನ್ರಿ?"

"ಠರಾವಿನ್ಯಾಗ ಹಂಗ ಐತವಾ."

"ಹಂಗಾರ ಗೌಡ್ರ ಕಾಲು ನೆಟ್ಟಗಾದಮ್ಯಾಲ ನನ್ನ ಅನುಕೂಲ ಏನಾಗತೈತ್ರಿ?"

ನೌಕರಿ ಉಳಿಯುತ್ತದೆ, ಮೆಟ್ಟಿಲು ಕೂಡ ಉಳಿಯುತ್ತದೆ. ಎಷ್ಟು ವರ್ಷ ಏರಿಯಾಳು?

೨೦ ಜುಲೈ

ಆಡಿಟರು ಬಂದು ಠರಾವು ಓದಿ ತೃಪ್ತರಾಗಿ ಹೋಗಿ ಎರಡು ವಾರವಾಯಿತು. ಇಂದು ಗೌಡರ ಪ್ಲಾಸ್ಟರ್ ಬಿಚ್ಚಿದರು. ಕೋಲು ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಎಲ್ಲರೂ ಸಂತೋಷಪಟ್ಟರು.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ, ಅವರ ಕಾಲು ಇನ್ನೂ ಒಂದು ವರ್ಷ ಹೀಗೇ ಇರಲಿ ಎಂದು ಮನಸ್ಸಿನಲ್ಲಿ ಬಂದುಬಿಟ್ಟಿತು. ಇನ್ನೊಬ್ಬರಿಗೆ ಕೆಟ್ಟದ್ದು ಬೇಡಿದವನಲ್ಲ ನಾನು. ವಿಭೂತಿ ಮತ್ತೊಮ್ಮೆ ಹಚ್ಚಿಕೊಂಡೆ.

೧೦ ಆಗಸ್ಟ್

ಗೌಡರಿಗೆ ಕೋಲು ಬೇಡವಾಯಿತು. ಬಂದವರೇ, "ಇಲ್ಲಿ ಚೀಲದ ಧೂಳ ಭಾಳ. ಮ್ಯಾಲ ನಡೀರಿ," ಎಂದರು. ಠರಾವಿನ ಗತಿ ಏನು ಎಂದು ಕೇಳಿದೆ. "ಅದು ಕಾಗದದಾಗ ಇರಲಿ ಬಿಡಪಾ, ಯಾರ ಬ್ಯಾಡಂದ್ರು," ಎಂದರು. ಕುರ್ಚಿ ಹೋಯಿತು, ಮೇಜು ಹೋಯಿತು, ಕಪಾಟು, ಗಡಿಯಾರ ಹೋದವು. ಕಡೆಗೆ ಫಕ್ರುಸಾಬ ಮಷೀನಿಗೆ ಬಂದ. ಅವನ ಮುಖ ಸಣ್ಣದಾಗಿತ್ತು.

ಮಂಜವ್ವ ಎರಡೂ ಕೈ ಮಷೀನಿನ ಮೇಲಿಟ್ಟಳು. "ನಾ ಇನ್ನ ಏರೂದಿಲ್ಲರಿ. ಮೆಮೋ ಕೊಡ್ತಾರಂದ್ರ ಕೊಡ್ಲಿ. ಅದನ್ನೂ ನಾನ ಟೈಪ್ ಹೊಡಿತೇನಿ."

"ಅಣ್ಣಾರ, ಏನ್ ಮಾಡ್ಲಿ?" ಎಂದು ಫಕ್ರುಸಾಬ ನನ್ನನ್ನು ಕೇಳಿದ.

ಮೇಲೆ ಬೆಳಕು ಕಡಿಮೆ ಎಂಬುದು ನನಗೆ ಬಹಳ ದಿನದಿಂದ ಅನ್ನಿಸುತ್ತಿತ್ತು. ಕೆಳಗಿನ ಕಿಟಕಿ ದೊಡ್ಡದು, ಗಾಳಿಯೂ ಚೆನ್ನ. ಈ ವಯಸ್ಸಿನಲ್ಲಿ ಕಣ್ಣು ನೋಡಿಕೊಳ್ಳಬೇಕು. "ಮಷೀನು ಬಿಡು, ನನ್ನ ಟೇಬಲ್ ಕೆಳಗ ತಗೊಂಡ ಬಾ," ಎಂದೆ. ಫಕ್ರುಸಾಬ ಎರಡೆರಡು ಮೆಟ್ಟಿಲು ದಾಟಿ ಓಡಿದ. ಮಂಜವ್ವನ ಪಕ್ಕದಲ್ಲಿ ಮೇಜು ಹಾಕಿಸಿಕೊಂಡು ಕುಳಿತೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಚಂದ್ರಪ್ಪನವರ ಗಂಟೆ ಕೇಳಿಸಿತು. ಕಾಲು ತಾವಾಗಿಯೇ ಎದ್ದವು, ಕೂರಿಸಿದೆ. ಮತ್ತೆ ಕೇಳಿಸಿತು. ಆಮೇಲೆ ಅವರ ದನಿ ಬಂತು.

"ನಾಗಪ್ಪಾರ! ಜಿಲ್ಲಾ ಕಚೇರಿಗೆ ಪತ್ರ ಹೋಗಬೇಕು. ಟೈಪಿಸ್ಟಳನ್ನ ಕರಕೊಂಡು ಮ್ಯಾಲ ಬರ್ರಿ!"

ಮಂಜವ್ವ ನನ್ನನ್ನು ನೋಡಲಿಲ್ಲ. ಮಷೀನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಸಾಹೇಬ್ರ," ಎಂದು ಕೂಗಿದೆ, "ಪತ್ರ ಬರಸೂದಿದ್ರ ಕೆಳಗ ಬರ್ರಿ."

ಪತ್ರ ಬರೆಯಲು ಚಂದ್ರಪ್ಪನವರಿಗೆ ಬಾರದು, ಗೌಡರಿಗೆ ಓದಲು ಬೇಸರ. ಮೇಲೆ ಕುರ್ಚಿ ಸರಿದ ಸಪ್ಪಳವಾಯಿತು. ಚಂದ್ರಪ್ಪನವರು ಹಗ್ಗ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು ಬಂದರು. ಅಷ್ಟರಲ್ಲಿ ಮಂಜವ್ವ ಮಷೀನಿಗೆ ಹಾಳೆ ಏರಿಸಿದ್ದಳು.